ಉಕ್ಕುವುದಕ್ಕೆ ಬಿಟ್ಟ ಜಾಗ

ಹಂಗಳದ ನಿಂಗರಾಜುವಿಗೆ ಈ ಜಗತ್ತಿನಲ್ಲಿ ಶತ್ರು ಅಂತ ಇದ್ದದ್ದು ಒಂದೇ: ಅಳತೆ. ಆನೆಯಲ್ಲ, ಹುಲಿಯಲ್ಲ; ಅವುಗಳ ಜೊತೆ ಅವನದು ದಿನನಿತ್ಯದ ವ್ಯವಹಾರ. ಬಂಡೀಪುರದ ಅಂಚಿನ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ ಅವನು ಎರಡು ಮರಗಳ ನಡುವೆ ಅತ್ತ ಒಂದು ಬೀಡಿ, ಇತ್ತ ಒಂದು ಬೀಡಿ ಹಿಡಿಸುವಷ್ಟು ಸಂದು ಬಿಟ್ಟು ಗಾಡಿ ನುಗ್ಗಿಸಬಲ್ಲ. ಆದರೆ ಆ ಜೀಪನ್ನು ಮಾಡಿದವರು ಕಂಪನಿಯವರು. ನಿಂಗರಾಜು ತಾನೇ ನಿಂತು ಮಾಡಿಸಿದ್ದು, ತಾನೇ ಆರಿಸಿ ತಂದದ್ದು ಯಾವುದೂ ಅಲ್ಲಿಯವರೆಗೆ ಸರಿಯಾದ ಅಳತೆಗೆ ಬಂದಿರಲಿಲ್ಲ.

ಅವನು ಮದುವೆಗೆ ಹೊಲಿಸಿದ ಅಂಗಿಯನ್ನೇ ನೋಡಿ. ಫೋಟೊದಲ್ಲಿ ಮದುವೆ ಅಂಗಿಯದು, ನಿಂಗರಾಜು ನೆಂಟನಾಗಿ ಬಂದು ಅದರೊಳಗೆ ತಂಗಿದಂತೆ ಕಾಣುತ್ತದೆ. ಆಮೇಲೆ ಕೊಟ್ಟಿಗೆ ಕಟ್ಟಿಸಿದ. ಬಾಗಿಲು ಎಷ್ಟು ತಗ್ಗಾಯಿತೆಂದರೆ ಹಸು ಒಳಗೆ ಹೋಗಬೇಕಾದರೆ ಮುಂಗಾಲು ಮಂಡಿಯೂರಬೇಕಿತ್ತು. ಅದಕ್ಕೆ ಅದೇ ಅಭ್ಯಾಸವಾಗಿ, ಮೇಯಲು ಹೋಗುವಾಗ ಮಾರಮ್ಮನ ಗುಡಿಯ ತಗ್ಗು ಬಾಗಿಲು ಕಂಡರೂ ಮಂಡಿಯೂರತೊಡಗಿತು. ದಾರಿಹೋಕರು ಭಕ್ತಿಯೆಂದುಕೊಂಡು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಾಳೆಹಣ್ಣು ತಿನ್ನಿಸಿ, ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಬಾಳೆಹಣ್ಣು ತಿಂದು ತಿಂದು ಹಸು ದಪ್ಪಗಾಯಿತು. ಕೊನೆಗೆ ಮಂಡಿಯೂರಿದರೂ ಕೊಟ್ಟಿಗೆಯೊಳಗೆ ಹಿಡಿಸಲಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಅವನ ಹೆಂಡತಿ ಮಲ್ಲಾಜಮ್ಮ ಕ್ಷಮಿಸದೆ ಉಳಿದದ್ದು ಅಡುಗೆಮನೆಯನ್ನು. ರಸ್ತೆ ಬದಿಯ ಮನೆಗೆ ತಗುಲಿಸಿ ನಿಂಗರಾಜು ಕಟ್ಟಿಸಿದ ಆ ಅಡುಗೆಮನೆಯಲ್ಲಿ ಉಸಿರು ಎಳೆದುಕೊಂಡರೆ ಬಿಡುವುದಕ್ಕೆ ಹೊರಗೆ ಬರಬೇಕು. ಚಾವಣಿಯ ಶೀಟು ಒಂದು ಮೊಳ ಕಡಿಮೆ ಬಿದ್ದಿದ್ದರಿಂದ ಮಳೆಗಾಲದಲ್ಲಿ ಸಾರಿಗೆ ನೀರು ಹಾಕುವ ಕೆಲಸ ಮೇಲಿನಿಂದಲೇ ಆಗುತ್ತಿತ್ತು. ಮುದ್ದೆ ತೊಳಸುವ ಹೊತ್ತಿನ ಕಷ್ಟವಂತೂ ಶತ್ರುವಿಗೂ ಬೇಡ. ಬೆಂದ ರಾಗಿ ಹಿಟ್ಟನ್ನು ಕೋಲಿನಿಂದ ತಿರುವಿ ತಿರುವಿ ಗಂಟಿಲ್ಲದಂತೆ ಮಾಡಬೇಕಾದರೆ ಮೊಣಕೈ ಆಡಬೇಕು. ಅಲ್ಲಿ ಮೊಣಕೈಗೆ ಜಾಗವಿರಲಿಲ್ಲ, ಕಿಟಕಿಯಿತ್ತು. ಹಾಗಾಗಿ ಮಲ್ಲಾಜಮ್ಮನ ಬಲಗೈ ಮೊಣಕೈ ದಿನಾ ಕಿಟಕಿಯಿಂದ ರಸ್ತೆಗೆ ಬಂದು ಹೋಗಿ ಮಾಡುತ್ತಿತ್ತು. ಯಾರೋ ಕೈ ಅಡ್ಡ ಹಿಡಿಯುತ್ತಿದ್ದಾರೆಂದು ಬಸ್ಸುಗಳು ನಿಂತುಬಿಡುತ್ತಿದ್ದವು. ಕಂಡಕ್ಟರು ಇಳಿದು ಬಂದು ಕಿಟಕಿಯಲ್ಲಿ ಇಣುಕಿ, "ಎಲ್ಲಿಗಮ್ಮಾ?" ಎಂದು ಕೇಳುವುದು, ಒಳಗಿನಿಂದ "ಎಲ್ಗೂ ಇಲ್ಲ ಕಣಪ್ಪ, ಮುದ್ದೆ" ಎಂದು ಉತ್ತರ ಬರುವುದು ವಾಡಿಕೆಯಾಗಿತ್ತು. ಬರಬರುತ್ತ ಆ ಕೇರಿಯವರು ಬಸ್‌ಸ್ಟಾಪಿಗೆ ಹೋಗುವುದನ್ನೇ ಬಿಟ್ಟರು. ಮುದ್ದೆ ಹೊತ್ತಿಗೆ ನಿಂಗರಾಜುವಿನ ಮನೆ ಮುಂದೆ ಬಂದು ನಿಂತರೆ ಸಾಕು, ಬಸ್ಸು ತಾನಾಗಿ ನಿಲ್ಲುತ್ತದೆ.

ಹೀಗೆ ಒಂಬತ್ತು ವರ್ಷ ಬಸ್ಸು ನಿಲ್ಲಿಸಿದ ಮೇಲೆ ಮಲ್ಲಾಜಮ್ಮ ಹಟ ಹಿಡಿದಳು. ಪಕ್ಕದ ಖಾಲಿ ಜಾಗದಲ್ಲಿ, ಅದೇ ರಸ್ತೆಗೆ ಮುಖ ಮಾಡಿ, ಹೊಸ ಅಡುಗೆಮನೆ ಕಟ್ಟುವುದೆಂದು ತೀರ್ಮಾನವಾಯಿತು. ಗುದ್ದಲಿ ಪೂಜೆಗೆ ಶುಕ್ರವಾರ ಗೊತ್ತಾಯಿತು. ನಿಂಗರಾಜು ದಿನ ಗೊತ್ತಾದ ಕೂಡಲೇ ಹೋಗಿ ಒಂದು ಸ್ಟೀಲಿನ ಅಳತೆ ಟೇಪು ತಂದು, ಪಾಳೇಗಾರ ಕತ್ತಿ ಸಿಕ್ಕಿಸಿಕೊಂಡ ಗತ್ತಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅದ್ಯಾಕೆ ಅದು ಸೊಂಟ್ದಲ್ಲಿ?" ಎಂದಳು ಮಲ್ಲಾಜಮ್ಮ.

"ಗಾರೆಯವ್ರಿಗೆ ಅಳ್ತೆ ಕೊಡ್ಬೇಕಲ್ಲ."

"ಯಾರು ಕೊಡೋರು?"

"ನಾನೇ. ಇನ್ಯಾರು?"

ಮಲ್ಲಾಜಮ್ಮ ಕೈ ಚಾಚಿದಳು. "ಇಲ್ಲಿ ಕೊಡಿ ಅದ. ಈ ಸಲ ಅಳ್ತೆ ನಂದು. ಇಷ್ಟು ದಿನ ಮೊಣಕೈ ಒಂದು ಆಚಿಗೆ ಹಾಕಿದ್ದೆ. ನಿಮ್ ಅಳ್ತೆಗೆ ಇನ್ನೊಂದ್ಸಲ ಕಟ್ಟುದ್ರೆ ತಲೆನೂ ಆಚಿಗೆ ಹಾಕ್ಬೇಕಾಯ್ತದೆ."

ನಿಂಗರಾಜುವಿಗೆ ನಿಜವಾಗಿ ನೋವಾಯಿತು. ಐವತ್ತು ದಾಟಿದ ಗಂಡಸು, ತನ್ನ ಮನೆಗೆ ಗೂಟ ಹೊಡೆಯುವ ದಿನ ಪಕ್ಕಕ್ಕೆ ನಿಂತು ಬಂದವರಿಗೆ ಪಾನಕ ಹಂಚುವುದೇ? ಗಾರೆ ಕೆಲಸದ ಚಿಕ್ಕಮಾದುವಿನ ಬಾಯಿ ಬೇರೆ ದೊಡ್ಡದು. ಅವನು ಒಂದು ಮಾತು ಆಡಿದರೆ ಸಂಜೆಯೊಳಗೆ ಚಾಮರಾಜನಗರದಲ್ಲಿ ಅದರ ಮೇಲೆ ಚರ್ಚೆ ಶುರುವಾಗಿರುತ್ತದೆ. ಟೇಪನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ ನಿಂಗರಾಜುವಿಗೆ ಪಾನಕದ ಯೋಚನೆ ಬಂದಾಗಲೇ ಬೇಬಿ ಚೇಟ ನೆನಪಾದದ್ದು.

ಬೇಬಿ ಚೇಟನೆಂದರೆ ಮಗುವಲ್ಲ. ಆರಡಿ ಎತ್ತರದ, ಮೀಸೆಯಲ್ಲಿ ಎರಡು ಗುಬ್ಬಚ್ಚಿ ಸಂಸಾರ ಹೂಡಬಹುದಾದಂಥ ವಯನಾಡಿನ ಗಂಡಸು. ಅವನ ಕಡೆ ಗಂಡಸರಿಗೂ ಬೇಬಿ ಅಂತ ಹೆಸರಿಡುತ್ತಾರೆ; ಚೇಟ ಅಂದರೆ ಅಣ್ಣ. ನಿಂಗರಾಜುವಿನ ಪಕ್ಕದ ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ. ಬೆಳೆದ ಶುಂಠಿಗೆ ಬೆಲ್ಲ, ನಿಂಬೆಹಣ್ಣು ಸೇರಿಸಿ, ಹುಳಿ ಹೆಪ್ಪು ಹಾಕಿ, ತನ್ನ ಶೆಡ್ಡಿನಲ್ಲೇ ಬಿಯರು ಕಾಯಿಸುತ್ತಿದ್ದ. ಅದು ಅಂಗಡಿಯ ಬಿಯರಿಗೆ ದೂರದ ನೆಂಟ. ತಲೆಗೆ ಏರುವುದಿಲ್ಲ, ಮೂಗಿಗೆ ಏರುತ್ತದೆ. ಮೊದಲ ಸಲ ಒಂದು ಲೋಟ ಕುಡಿದು ನಿಂಗರಾಜು ಬಿಟ್ಟ ತೇಗಿಗೆ ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮಂಜು ಎರಡು ಹೋಳಾಗಿ, ನಡುವೆ ಮೇಯುತ್ತಿದ್ದ ಆನೆಗಳು ನಾಚಿಕೊಂಡು ಪಕ್ಕಕ್ಕೆ ಸರಿದವಂತೆ.

"ಪೂಜೆಗೆ ಬಂದೋರ್ಗೆಲ್ಲ ಪಾನ್ಕ ಬ್ಯಾಡ ಕಣಮ್ಮಿ, ಶುಂಠಿ ಬಿಯರು ಕೊಡನ. ನಾನೇ ಕಾಯಿಸ್ತೀನಿ" ಎಂದ.

"ಯಾವ್ ಪಾತ್ರೇಲಿ?"

ಮನೆಯಲ್ಲಿ ಇದ್ದದ್ದು ಹಾಲಿನ ಪಾತ್ರೆ ಮತ್ತು ಸ್ನಾನದ ಹಂಡೆ. ಹಾಲಿನದರಲ್ಲಿ ಕಾಯಿಸಿದರೆ ಬಂದವರಿಗೆ ಹನಿ ಹನಿ ತೀರ್ಥದಂತೆ ಬಿಡಬೇಕು. ಹಂಡೆಯಲ್ಲಿ ಕಾಯಿಸಿದರೆ ಕುಡಿದವರಿಗೆಲ್ಲ ಸೋಪಿನ ನೆನಪಾಗುತ್ತದೆ. "ಒಸದು ತತ್ತೀನಿ" ಎಂದ ನಿಂಗರಾಜು.

ಮಲ್ಲಾಜಮ್ಮ ಗಂಡನನ್ನು ಒಂದು ಗಳಿಗೆ ನೋಡಿದಳು. "ಸರಿ. ಅಂಗಾರೆ ಹಿಂಗ್ ಮಾಡನ. ಪಾತ್ರೆ ನೀವೇ ಆರ್ಸಿ ತನ್ನಿ. ಚಿಕ್ಕದಾಗಿ ಉಕ್ಕಿ ಒಲೆಗೆ ಸುರೀಬಾರ್ದು. ದೊಡ್ಡದಾಗಿ ತಳ ಹಿಡೀಬಾರ್ದು. ಒಂದೇ ಒಂದು ಪಾತ್ರೆ ಸರಿಯಾಗಿ ತಂದು ತೋರ್ಸಿ, ಟೇಪು ನಿಮ್ದು. ತಪ್ತಾ, ನಂದು. ಪೂಜೆ ದಿನ ಕೈ ಕಟ್ಕೊಂಡು ನಿಂತಿರ್ಬೇಕು."

"ಆಯ್ತು ಬುಡು!"

ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ನಿಂಗರಾಜುವಿನ ತಾಯಿ ಕರಿಯಮ್ಮ ತಲೆಯೆತ್ತಿದಳು. "ಒಸ ಪಾತ್ರೆಲಿ ಮೊದ್ಲ ದಪ ಕಾಯ್ಸಿದ್ದು ಉಕ್ಕಬೇಕು ಕಣ್ಲಾ ಮಗ. ಅದೂ ಮೂಡ್ಲ ಕಡೀಕೆ. ಪಾತ್ರೆ ಉಕ್ಕುದ್ರೆ ಮನೆ ಉಕ್ತದೆ."

"ಅದು ಹಾಲು ಕಣವ್ವ. ಇದು ಬಿಯರು, ಉಕ್ಕಬಾರ್ದು."

"ಒಳ್ಗೆ ಏನೈತೆ ಅಂತ ಒಲೆಗೇನ್ಲಾ ಗೊತ್ತು?" ಎಂದ ಕರಿಯಮ್ಮನ ಮಾತನ್ನು ಗಂಡ ಹೆಂಡತಿ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಆ ವರ್ಷದಲ್ಲಿ ಅದೊಂದೇ ಸಲ.

ನಿಂಗರಾಜು ನೇರ ಬೇಬಿ ಚೇಟನ ಶೆಡ್ಡಿಗೆ ಹೋದ. ಚೇಟ ಶುಂಠಿ ಮೂಟೆಯ ಮೇಲೆ ಕಾಲು ಚಾಚಿ ಕುಳಿತು ಪಾತ್ರೆಯ ಪಾಠ ಮಾಡಿದ.

"ಎಷ್ಟು ಬಿಯರ್ ಬೇಕು ನಿಂಗೆ? ಇಪ್ಪತ್ತು ಲೀಟರ್? ಹಂಗಾದ್ರೆ ಇಪ್ಪತ್ತರ ಪಾತ್ರೆ ತಗೋಬೇಡ, ಕೇಟ್ಟೋ. ಮೂವತ್ತರದ್ದು ತಗೋ. ಮೇಲೆ ಮೂರರಲ್ಲಿ ಒಂದು ಪಾಲು ಖಾಲಿ. ಬೆಲ್ಲ ಕುದಿಯೋವಾಗ ನೊರೆ ಬರ್ತದಲ್ಲ, ಅದು ಆನೆ ತರ. ದಾರಿ ಬಿಟ್ರೆ ಬಂದು, ನೋಡಿ, ಹೋಗ್ತದೆ. ಬಿಡ್ಲಿಲ್ಲ, ತೀರ್ನು, ಕಥೆ ಮುಗೀತು!"

"ಅಂಗಾರೆ ನೂರು ಲೀಟ್ರುದೇ ತಕ್ಕೊಬುಟ್ರೆ? ಆನೆ ಹಿಂಡೇ ಓಡಾಡ್ಲಿ."

"ನಿನ್ನ ತಲೆ! ದೊಡ್ಡ ಪಾತ್ರೆ, ಒಳಗೆ ತೆಳ್ಳಗೆ ನಿಂತ ನೀರು. ಮೇಲೆ ಎಲ್ಲ ಆವಿ, ಕೆಳಗೆ ಬೆಲ್ಲ ಎಲ್ಲ ಕರಿ. ಪಾತ್ರೆ ಎತ್ತರ ಇರ್ಬೇಕು, ಬಾಯಿ ಅಗಲ ಇರ್ಬಾರ್ದು, ತಳ ದಪ್ಪ ಇರ್ಬೇಕು. ತುಂಬಿದ ಮೇಲೆ ಇಬ್ಬರು ಹಿಡಿದು ಇಳಿಸೋ ಹಂಗಿರ್ಬೇಕು. ಮೂರನೆಯವನನ್ನು ಕೂಗೋ ಹಂಗಾದ್ರೆ ಅದು ನಿನ್ನ ಪಾತ್ರೆ ಅಲ್ಲ."

ನಿಂಗರಾಜು ಇದನ್ನು ಮಂತ್ರದಂತೆ ಬಾಯಲ್ಲಿ ಹೇಳಿಕೊಳ್ಳುತ್ತ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು, ಮಹಾಲಕ್ಷ್ಮಮ್ಮನ ಪಾತ್ರೆ ಅಂಗಡಿ ಹೊಕ್ಕ. ಸೂರಿನಿಂದ ನೆಲದವರೆಗೆ ಪಾತ್ರೆಗಳು. ನಡುವೆ ಮಹಾಲಕ್ಷ್ಮಮ್ಮ, ಅವುಗಳಲ್ಲೆಲ್ಲ ಹೆಚ್ಚು ಹೊಳೆಯುವ ಮೂಗುತಿ ಹಾಕಿಕೊಂಡು.

"ಎಷ್ಟ್ ಜನಕ್ಕಪ್ಪಾ?" ಎಂದಳು.

ಆ ಅಂಗಡಿಯ ಪದ್ಧತಿಯೇ ಅದು. ಅಲ್ಲಿ ಪಾತ್ರೆಗೆ ಲೀಟರಿಲ್ಲ, ಇಂಚಿಲ್ಲ; ಜನ. ಇಪ್ಪತ್ತು ಜನರ ಪಾತ್ರೆ, ಐವತ್ತು ಜನರ ಪಾತ್ರೆ, ನಾಮಕರಣದ ಪಾತ್ರೆ, ತಿಥಿಯ ಪಾತ್ರೆ.

"ಜನ ಅಲ್ಲಕ್ಕ, ಲೀಟ್ರು. ಮೂವತ್ತು ಲೀಟ್ರುದು ಬೇಕು."

"ಲೀಟ್ರು ಪೆಟ್ರೋಲ್ ಬಂಕಲ್ಲಿ ಕೇಳಪ್ಪ. ಇಲ್ಲಿ ಜನ ಹೇಳು. ಅನ್ನಕ್ಕಾ, ಸಾರಿಗಾ, ಮುದ್ದೆಗಾ?"

"ಬಿಯರಿಗೆ."

ಚೊಂಬು ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಅದನ್ನು ಎದೆಗವಚಿಕೊಂಡಳು. ಹೊರಗೆ ಈರುಳ್ಳಿ ಲಾರಿಯೊಂದು ಹಾರ್ನು ಒತ್ತುವುದನ್ನು ಅರ್ಧಕ್ಕೆ ನಿಲ್ಲಿಸಿತು.

"ಶುಂಠಿದು ಕಣಕ್ಕ" ಎಂದ ನಿಂಗರಾಜು ಗಾಬರಿಯಿಂದ. "ತಲೆಗೆ ಏರಲ್ಲ."

"ಏರ್ದೇ ಇರೋದ್ನ ಯಾಕಪ್ಪ ಅಷ್ಟೊಂದು ಕಾಯಿಸ್ತೀಯ?" ಎಂದು ಮಹಾಲಕ್ಷ್ಮಮ್ಮ ಎದ್ದಳು. "ನೋಡು, ದೊಡ್ಡದೇ ತಕ್ಕೊ. ಜನ ಯಾವತ್ತಾದ್ರೂ ಕಮ್ಮಿ ಆದದ್ದುಂಟಾ?" ಎಂದು ಮೂಲೆಯಲ್ಲಿದ್ದ ಒಂದು ಪಾತ್ರೆಯ ಮೇಲಿನ ಗೋಣಿ ಎಳೆದಳು. ಅದು ಮುನ್ನೂರು ಜನರ ಪಾತ್ರೆ. ಒಳಗೆ ನಿಂತು ಕೂಗಿದರೆ ಪ್ರತಿಧ್ವನಿ ಮಾರನೆಯ ದಿನ ಬರುತ್ತದೆ.

ನಿಂಗರಾಜುವಿನ ಕೈ ತಾನಾಗಿಯೇ ಅದರ ಕಂಠಕ್ಕೆ ಹೋಯಿತು. ಜೀವಮಾನವಿಡೀ ಅವನ ಕಿವಿಯಲ್ಲಿ ಕುಳಿತು ಅಳತೆ ಕೆಡಿಸಿದವರು ಇಬ್ಬರು. ಬಲಗಿವಿಯವನು, "ಜಾಸ್ತಿ ಜನ ಬಂದ್ರೆ?" ಎನ್ನುತ್ತಿದ್ದ, ಅವನ ಮಾತು ಕೇಳಿ ಅಂಗಿ ಹೊಲಿಸಿದ್ದಾಗಿತ್ತು. ಎಡಗಿವಿಯವನು, "ಸುಮ್ನೆ ದಂಡ ಅಲ್ವಾ?" ಎನ್ನುತ್ತಿದ್ದ, ಅವ‌ನ ಮಾತು ಕೇಳಿ ಅಡುಗೆಮನೆ ಕಟ್ಟಿಸಿದ್ದಾಗಿತ್ತು. ಈಗ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ನಿಂಗರಾಜು ಕಣ್ಣು ಮುಚ್ಚಿಕೊಂಡ. ಕಿಟಕಿಯಿಂದ ರಸ್ತೆಗೆ ಚಾಚಿದ ಒಂದು ಮೊಣಕೈ, ಅದರ ಮುಂದೆ ನಿಂತ ಒಂದು ಬಸ್ಸು ಕಂಡವು. ಕೈ ಹಿಂದಕ್ಕೆ ತೆಗೆದ.

"ಅದು ಬ್ಯಾಡಕ್ಕ. ಅಗೋ, ಆ ಮೇಲಿಂದು."

ಎತ್ತರವಾಗಿತ್ತು, ಬಾಯಿ ಕಿರಿದಾಗಿತ್ತು, ತಳ ತಟ್ಟಿದರೆ ಗಟ್ಟಿ ಸದ್ದು. ಆದರೆ ನಿಂಗರಾಜುವಿಗೆ ತನ್ನ ಕಣ್ಣಿನ ಮೇಲೆ ನಂಬಿಕೆಯಿರಲಿಲ್ಲ. ಅವನ ಕಣ್ಣಿಗೆ ಬಿದ್ದ ಹುಲಿಗಳೆಲ್ಲ ಜೀಪಿಗಿಂತ ಉದ್ದ. ಪಕ್ಕದ ಟೀ ಅಂಗಡಿಯಿಂದ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಹೊತ್ತು ತಂದು, ಪಾತ್ರೆಯನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟು, ಗಳಗಳ ಸುರಿದ. ಜನ ಸೇರಿದರು. ನೀರು ಮೂರರಲ್ಲಿ ಎರಡು ಪಾಲಿಗೆ ಬಂದು ನಿಂತಿತು. ನಿಂಗರಾಜು ಕೈ ಇಳಿಬಿಟ್ಟು ನೋಡಿದ: ನೀರಿನಿಂದ ಅಂಚಿಗೆ ಒಂದು ಗೇಣು. ನೊರೆಯ ಆನೆ ಬಂದು, ನೋಡಿ, ಹೋಗುವಷ್ಟು ದಾರಿ.

"ಇಷ್ಟ್ ವರ್ಷದಿಂದ ಪಾತ್ರೆ ಮಾರ್ತಿದೀನಿ" ಎಂದಳು ಮಹಾಲಕ್ಷ್ಮಮ್ಮ. "ಹೆಣ್ಣು ನೋಡೋಕೆ ಬಂದೋರೂ ಇಷ್ಟು ಪರೀಕ್ಷೆ ಮಾಡಲ್ಲ. ಹೆಸ್ರು ಹೊಡೀಲಾ?"

"ಹೊಡೀರಿ. ಮಲ್ಲಾಜಮ್ಮ ಅಂತ."

ಹಿಂತಿರುಗುವಾಗ ಬಸ್ಸಿನಲ್ಲಿ ಪಾತ್ರೆ ಒಂದು ಸೀಟು ಹಿಡಿದು ಕುಳಿತಿತು. ಅದಕ್ಕೂ ಟಿಕೆಟು ತೆಗೆದುಕೋ ಎಂದ ಕಂಡಕ್ಟರು.

"ಹೆಸ್ರು ನೋಡಿ ಸಾರ್. ಹೆಂಗಸ್ರದು. ಫ್ರೀ ಅಲ್ವಾ?" ಎಂದ ನಿಂಗರಾಜು.

"ಆಧಾರ್ ಕಾರ್ಡ್ ತೋರ್ಸೋಕೆ ಹೇಳಿ ಅವ್ರಿಗೆ" ಎಂದು ಕಂಡಕ್ಟರು ಟಿಕೆಟು ಹರಿದ. ನಿಂಗರಾಜುವಿಗೆ ಬೇಸರವಾಗಲಿಲ್ಲ. ದಾರಿಯುದ್ದಕ್ಕೂ ಪಾತ್ರೆಯ ಭುಜದ ಮೇಲೆ ಕೈ ಹಾಕಿಕೊಂಡು ಬಂದ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿದರು. ಒಂದು ಕ್ಯಾನು ನೀರು, ಒರಳಲ್ಲಿ ಜಜ್ಜಿದ ಶುಂಠಿ, ಉಂಡೆ ಬೆಲ್ಲ. ಮಲ್ಲಾಜಮ್ಮ ಬಂದು ಪಾತ್ರೆಯನ್ನು ಸುತ್ತು ಹಾಕಿ ನೋಡಿದಳು. ಬೆರಳಿನಿಂದ ತನ್ನ ಹೆಸರನ್ನು ಸವರಿದಳು. ಒಳಗೆ ಕೈ ಇಳಿಬಿಟ್ಟು ಗೇಣು ಹಾಕಿದಳು. ಏನೂ ಹೇಳಲಿಲ್ಲ. ಮಲ್ಲಾಜಮ್ಮನ ಕಡೆಯಿಂದ ಏನೂ ಬರಲಿಲ್ಲವೆಂದರೆ ಅದು ಬೇರೆಯವರ ಕಡೆಯಿಂದ ಹಾರ ತುರಾಯಿ ಬಂದುದಕ್ಕೆ ಸಮ. ನಿಂಗರಾಜು ಸೊಂಟದ ಟೇಪನ್ನು ಒಂದು ಸಲ ಮುಟ್ಟಿ ನೋಡಿಕೊಂಡ.

"ಅವ್ವ, ಒಸಿ ಒಲೆ ನೋಡ್ಕೊ. ಚೇಟನ ಹತ್ರ ಹೆಪ್ಪಿನ ಜಾಡಿ ಇಸ್ಕೊಂಡು ಬತ್ತೀನಿ" ಎಂದು ಹೊರಟ. ಮಲ್ಲಾಜಮ್ಮ ಡೈರಿಗೆ ಹಾಲು ಹಾಕಲು ಹೋದಳು. ಒಲೆಯ ಮುಂದೆ ಉಳಿದವಳು ಕರಿಯಮ್ಮ ಒಬ್ಬಳೇ.

ನಿಂಗರಾಜು ಜಾಡಿಯನ್ನು ಕೂಸಿನಂತೆ ಎತ್ತಿಕೊಂಡು ಬೇಲಿ ದಾಟುವಾಗಲೇ ಸುಟ್ಟ ಬೆಲ್ಲದ ವಾಸನೆ ಬಂತು. ಓಡಿದ. ಪಾತ್ರೆ ಉಕ್ಕುತ್ತಿತ್ತು. ಬರಿ ಉಕ್ಕಲ್ಲ. ನೊರೆ ಪಾತ್ರೆಯ ಕಂಠ ಹತ್ತಿ, ಒಲೆಗೆ ಧುಮುಕಿ, ಬುಸ್ಸೆಂದು ಬೂದಿ ಎಬ್ಬಿಸಿ, ಅಂಗಳಕ್ಕಿಳಿದು, ಒಂದು ಹೇಂಟೆಯನ್ನೂ ಅದರ ಮರಿಗಳನ್ನೂ ತೆಪ್ಪದಲ್ಲಿ ಕೂರಿಸಿದಂತೆ ತೇಲಿಸಿಕೊಂಡು ಪೂರ್ವದಿಕ್ಕಿಗೆ ಹರಿಯುತ್ತಿತ್ತು. ಹಂಗಳದ ಇರುವೆಗಳೆಲ್ಲ ಬಂದಿದ್ದವು. ಸುದ್ದಿ ತಿಳಿದು ಬಂಡೀಪುರದವು ದಾರಿಯಲ್ಲಿದ್ದವು. ಇದರ ನಡುವೆ ಕರಿಯಮ್ಮ ಖಾಲಿ ಬಿಂದಿಗೆಯೊಂದಕ್ಕೆ ಒರಗಿ, ಕೈ ಮುಗಿದುಕೊಂಡು, ದೇವರ ಮುಂದೆ ಕುಳಿತವಳಂತೆ ಶಾಂತವಾಗಿ ಕುಳಿತಿದ್ದಳು.

ನಿಂಗರಾಜು ಸೌದೆ ಎಳೆದ. ಉಕ್ಕು ಇಳಿಯಿತು. ಅಷ್ಟರಲ್ಲಿ ಹಿಂದೆ ಹಾಲಿನ ಕ್ಯಾನಿನ ಸದ್ದಾಯಿತು. ಮಲ್ಲಾಜಮ್ಮ ಅಂಗಳ ನೋಡಿದಳು, ಕೋಳಿ ನೋಡಿದಳು, ಗಂಡನನ್ನು ನೋಡಿದಳು. ಬೈದಿದ್ದರೆ ಸುಲಭವಾಗಿತ್ತು. ಅವಳು ಸುಮ್ಮನೆ ಕೈ ಚಾಚಿದಳು. ನಿಂಗರಾಜು ಸೊಂಟದ ಟೇಪು ಬಿಚ್ಚಿ ಅವಳ ಅಂಗೈ ಮೇಲೆ ಇಟ್ಟ.

ತಣ್ಣಗಾದ ಮೇಲೆ ಹೆಪ್ಪು ಬೆರೆಸಿ, ಎರಡು ದಿನ ಮುಚ್ಚಿಟ್ಟು, ಬಾಟಲಿಗೆ ತುಂಬಿದ. ರೆಸಾರ್ಟಿನಿಂದ ಲೀಟರಿನ ಖಾಲಿ ಬಾಟಲಿ ಇಪ್ಪತ್ತು ತಂದಿದ್ದ. ಇಪ್ಪತ್ತೂ ತುಂಬಿದವು. ಪಾತ್ರೆಯಲ್ಲಿ ಇನ್ನೂ ಉಳಿದಿತ್ತು. ಪಕ್ಕದ ಮನೆಗೆ ಹೋಗಿ ಇನ್ನಷ್ಟು ಬಾಟಲಿ ಬೇಡಿ ತರಬೇಕಾಯಿತು. ಇನ್ನೊಬ್ಬನಾಗಿದ್ದರೆ ಅಲ್ಲೇ ನಿಂತು, ಅಷ್ಟು ಉಕ್ಕಿ ಹೋದ ಮೇಲೂ ಇಷ್ಟು ಹೇಗೆ ಉಳಿಯಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದ. ನಿಂಗರಾಜು ಕೆರೆದುಕೊಳ್ಳಲಿಲ್ಲ. ಜೀವಮಾನವಿಡೀ ತಪ್ಪುತ್ತ ಬಂದವನಿಗೆ ಬೇರೆಯವರ ಮೇಲೆ ಅನುಮಾನ ಪಡುವ ಅಭ್ಯಾಸವೇ ಇರುವುದಿಲ್ಲ. "ಥೂ, ಬಾಟ್ಲಿ ಲೆಕ್ಕನೂ ತಪ್ಬುಟ್ಟೆ" ಎಂದು ತನ್ನನ್ನೇ ಬೈದುಕೊಂಡ.

ಶುಕ್ರವಾರ ಬಂತು. ಚಿಕ್ಕಮಾದು ಗೂಟ, ದಾರ, ಸುಣ್ಣದ ಪುಡಿ ಹಿಡಿದುಕೊಂಡು ಬಂದ. ನೆಂಟರು, ಕೇರಿಯವರು, ರೆಸಾರ್ಟಿನವರು ಸೇರಿದರು. ಖಾಲಿ ಜಾಗದ ಮೂಲೆಯಲ್ಲಿ ಪೂಜೆಯಾಗಿ ತೆಂಗಿನಕಾಯಿ ಒಡೆಯಿತು. ಮಲ್ಲಾಜಮ್ಮ ಟೇಪನ್ನು ಸೆರಗಿನ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ನಿಂಗರಾಜು ಬಿಯರು ಹಂಚುತ್ತಿದ್ದ. ಕೈ ಕಟ್ಟಿಕೊಂಡು ನಿಲ್ಲುವುದಕ್ಕಿಂತ ಅದು ವಾಸಿ.

"ಏನ್ಲಾ ನಿಂಗರಾಜು" ಎಂದ ಚಿಕ್ಕಮಾದು, ಎಲ್ಲರಿಗೂ ಕೇಳುವಂತೆ. "ಇವತ್ತು ನೀನು ಮನೆ ಯಜಮಾನ್ನೋ, ಹೋಟ್ಲು ಮಾಣಿನೋ?"

ಜನ ನಕ್ಕರು. ನಿಂಗರಾಜುವೂ ನಕ್ಕ. ಅವನ ನಗುವೂ ಒಂದು ಅಳತೆ ಕಡಿಮೆ ಬಿತ್ತು.

"ಕುಡುದ್ ನೋಡ್ಲಾ ಮೊದ್ಲು" ಎಂದು ಲೋಟ ಕೊಟ್ಟ.

ಚಿಕ್ಕಮಾದು ಕುಡಿದು, ತೇಗಿಗಾಗಿ ಕಾದ. ಬರಲಿಲ್ಲ. "ಚೆನ್ನಾಗೈತೆ ಕಣ. ಆದ್ರೆ ಇದ್ಕೆ ಒಸಿ ನಾಚ್ಕೆ ಜಾಸ್ತಿ. ಗಂಟ್ಲುವರ್ಗೂ ಬಂದು ಅಲ್ಲೇ ನಿಂತ್ಕೊತ್ತದೆ."

ಪಕ್ಕದಲ್ಲಿದ್ದ ಬೇಬಿ ಚೇಟ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಮೀಸೆ ಅತ್ತಿತ್ತ ಆಡಿಸಿ, ನುಂಗಿದ. "ಎಂದಾ ಇದು, ಏನಿದು ನಿಂಗರಾಜು? ಶುಂಠಿ ತೊಳೆದ ನೀರಾ? ಎಷ್ಟು ನೀರು ಹಾಕಿದೆ?"

"ಒಂದೇ ಕ್ಯಾನು ಕಣ ಚೇಟ. ಮಾದಪ್ಪನಾಣೆ, ಇಪ್ಪತ್ತೇ ಲೀಟ್ರು."

"ಬಾಟಲ್ ಎಷ್ಟು ಬಂತು?"

"ಇಪ್ಪತ್ನಾಲ್ಕು."

"ಉಕ್ಕೋಕೆ ಮುಂಚೆಯಾ, ಉಕ್ಕಿದ ಮೇಲೆಯಾ?"

"ಉಕ್ಕಿದ್ ಮ್ಯಾಲೆ."

ಚೇಟ ಲೋಟ ಕೆಳಗಿಟ್ಟ. "ಇಪ್ಪತ್ತು ಹಾಕಿದೆ. ಉಕ್ಕಿ ಅಂಗಳದಲ್ಲಿ ಕೋಳಿ ತೇಲ್ತು. ಆಮೇಲೆ ಇಪ್ಪತ್ನಾಲ್ಕು ಉಳೀತು. ಮೋನೇ, ಹಂಗಾದ್ರೆ ಈ ಪಾತ್ರೆಗೆ ಇಲ್ಲೇ ಒಂದು ಗುಡಿ ಕಟ್ಟು. ಅಡುಗೆಮನೆ ಬೇಡ."

ಎಲ್ಲರೂ ಹೋ ಎಂದು ನಕ್ಕರು. ಆ ನಗುವಿನ ನಡುವೆ ಜಗಲಿಯಿಂದ ಕರಿಯಮ್ಮನ ದನಿ ಬಂತು.

"ಗುಡಿ ಯಾಕಪ್ಪ? ನಾನೇ ಒಂದು ಬಿಂದ್ಗೆ ನೀರು ಉಯ್ದೆ."

ನಿಂಗರಾಜು ಬಾಟಲಿ ಹಿಡಿದುಕೊಂಡೇ ತಿರುಗಿದ. "ಯಾಕವ್ವಾ?"

"ಯಾಕೆ ಅಂದ್ರೆ? ಮ್ಯಾಲೆ ಗೇಣುದ್ದ ಖಾಲಿ ಬುಟ್ಟು ಓಗಿದ್ದಲ್ಲ ನೀನು. ಎಷ್ಟ್ ಸೌದೆ ಇಕ್ಕುದ್ರೂ ನೊರೆ ಕಂಠದ್ ತಂಕ ಬತ್ತದೆ, ಅಂಗೇ ಇಳೀತದೆ. ಬತ್ತದೆ, ಇಳೀತದೆ. ನಾನೂ ನೋಡ್ದೆ ನೋಡ್ದೆ. ಒಸ ಪಾತ್ರೆ, ಐದ್ ದಿನ ಕಳುದ್ರೆ ಗುದ್ಲಿ ಪೂಜೆ. ಉಕ್ಕದೆ ಓದ್ರೆ ಎಂಗ್ಲಾ? ಅದ್ಕೆ ಬಿಂದ್ಗೆ ನೀರು ಉಯ್ದು, ಎಲ್ಡು ಉಂಡೆ ಬೆಲ್ಲ ಆಕ್ದೆ. ಚೆಂದಾಗಿ ಮೂಡ್ಲಿಗೇ ಉಕ್ತು."

"ಇಷ್ಟ್ ದಿನ ಯೋಳ್ನೇ ಇಲ್ವಲ್ಲವ್ವ!"

"ಯಾರ್ಲಾ ಕೇಳುದ್ರಿ ನನ್ನ?" ಎಂದು ಕರಿಯಮ್ಮ ಎಲೆಗೆ ಸುಣ್ಣ ಸವರತೊಡಗಿದಳು.

ಬತ್ತದೆ, ಇಳೀತದೆ. ನಿಂಗರಾಜು ಅದನ್ನು ಎರಡು ಸಲ ಬಾಯಲ್ಲೇ ಹೇಳಿಕೊಂಡ. ಅಂದರೆ ನೊರೆಯ ಆನೆ ಅವನು ಬಿಟ್ಟ ದಾರಿಯಲ್ಲೇ ಬಂದಿದೆ, ನೋಡಿದೆ, ಹೋಗಿದೆ. ಜೀವಮಾನದಲ್ಲಿ ಮೊದಲ ಸಲ ಅವನ ಅಳತೆ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ, ಹೆತ್ತ ತಾಯಿಗೇ ಗಾಬರಿಯಾಗಿ ಅದನ್ನು ಕೆಡಿಸಬೇಕಾಯಿತು.

ಅವನು ಹೆಂಡತಿಯ ಕಡೆ ನೋಡಲು ಹೆದರಿದ. ಚಿಕ್ಕಮಾದು ಗೂಟ ಹಿಡಿದು, "ಸರಿ ಅಕ್ಕ, ಅಳ್ತೆ ಯೋಳು. ಬಿಸ್ಲು ಏರ್ತದೆ" ಎಂದ.

"ಒಸಿ ನಿಂತ್ಕೊ" ಎಂದಳು ಮಲ್ಲಾಜಮ್ಮ. ಸೊಂಟದಿಂದ ಟೇಪು ತೆಗೆದು ಗಂಡನ ಮುಂದೆ ಹಿಡಿದಳು. "ತಕ್ಕೊಳಿ."

"ಅಕ್ಕ, ಯೋಚ್ನೆ ಮಾಡು!" ಚಿಕ್ಕಮಾದು ಬಾಯಿಬಿಟ್ಟ. "ಆ ಕೊಟ್ಟಿಗೆ ಕಟ್ದೋನು ನಾನೇ, ಇವ್ನು ಕೊಟ್ಟ ಅಳ್ತೆಗೆ. ಆ ಹಸ ಇವತ್ಗೂ ನನ್ ಮಖ ನೋಡಲ್ಲ."

"ಮಾತು ಅಂದ್ರೆ ಮಾತು ಕಣಣ್ಣ. ಪಾತ್ರೆ ಸರಿಯಾಗಿತ್ತು."

ಟೇಪು ಕೈಗೆ ಬಂತು. ನಿಂಗರಾಜು ಸರ್ರೆಂದು ಎಳೆದ. ಜನವೆಲ್ಲ ಕತ್ತು ಚಾಚಿದರು. ಬಲಗಿವಿಯವನು, "ಜಾಸ್ತಿ ಜನ ಬಂದ್ರೆ?" ಎಂದ. ಎಡಗಿವಿಯವನು, "ಸುಮ್ನೆ ದಂಡ ಅಲ್ವಾ?" ಎಂದ. ನಿಂಗರಾಜು ಟೇಪನ್ನು ಹಾಗೇ ಒಳಕ್ಕೆ ಬಿಟ್ಟ.

"ಮುದ್ದೆ ಕೋಲು ತಕ್ಕೊಂಡು ಬಾ" ಎಂದ ಹೆಂಡತಿಗೆ.

"ಈಗ್ಯಾಕೆ?"

"ತಾ ಅಂದೆ."

ಹೊಸ ಪಾತ್ರೆಯನ್ನು ಖಾಲಿ ಜಾಗದ ನಡುವೆ, ಒಲೆ ಬರಬೇಕಾದಲ್ಲಿ ಇಟ್ಟ. "ಕುಂತ್ಕೊ. ತೊಳ್ಸು."

"ಇಷ್ಟ್ ಜನ್ರ ಮುಂದ್ಯಾ?"

"ತೊಳ್ಸು ಕಣಮ್ಮಿ. ಕಿಟ್ಕಿ ಇಲ್ಲ ಅಂದ್ಕೊಂಡು ತೊಳ್ಸು."

ಮಲ್ಲಾಜಮ್ಮ ನಾಚಿಕೊಂಡು ಕುಳಿತಳು. ಮೊದಲು ಕೈ ಮೈಗಂಟಿಕೊಂಡೇ ಆಡಿತು. ಒಂಬತ್ತು ವರ್ಷದ ಗೋಡೆ ಇನ್ನೂ ಅಲ್ಲಿತ್ತು. ಆಮೇಲೆ ಒಂದು ಸುತ್ತು ಅಗಲವಾಯಿತು. ಇನ್ನೊಂದು ಸುತ್ತು ಇನ್ನೂ ಅಗಲ. ಕೊನೆಗೆ ಇಲ್ಲದ ಹಿಟ್ಟಿನಲ್ಲಿ ಇಲ್ಲದ ಗಂಟು ಒಡೆಯುವಷ್ಟು ಜೋರಾಗಿ ಮೊಣಕೈ ಚಾಚಿತು. ಅದು ಮುಟ್ಟಿದ ಕಡೆ ನಿಂಗರಾಜು ಒಂದು ಗೂಟ ಊರಿದ. ಟೇಪು ಹಿಡಿದು, ಪಾತ್ರೆಯಿಂದ ಅಲ್ಲಿಗೆ ಅಳೆದ. ಆಮೇಲೆ ಗೂಟ ಕಿತ್ತು, ಅದರ ಅರ್ಧದಷ್ಟು ಇನ್ನೂ ಆಚೆಗೆ ನಡೆದು ಅಲ್ಲಿ ಊರಿದ. ನಾಲ್ಕು ಕಡೆಗೂ ಹಾಗೇ ಮಾಡಿದ.

"ಇದೇನ್ಲಾ, ಅಡ್ಗೆ ಮನೆಯೋ ಛತ್ರವೋ? ಇಷ್ಟ್ ದೂರ ಯಾಕ್ಲಾ?" ಎಂದ ಚಿಕ್ಕಮಾದು.

"ಮೂರ್ರಲ್ಲಿ ಒಂದು ಪಾಲು" ಎಂದ ನಿಂಗರಾಜು. "ಉಕ್ಕೋಕೆ ಜಾಗ ಬುಡ್ಬೇಕು ಕಣ."

ಬೇಬಿ ಚೇಟ ಮೀಸೆ ತಿರುವಿದ. ಮಲ್ಲಾಜಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡು, ಗೂಟದಿಂದ ಗೂಟಕ್ಕೆ ಒಂದು ಸುತ್ತು ನಡೆದಳು. ಏನೂ ಹೇಳಲಿಲ್ಲ. ನಿಂಗರಾಜುವಿಗೆ ಅಷ್ಟು ಸಾಕಾಗಿತ್ತು.

ಅಡುಗೆಮನೆ ಎದ್ದು ನಿಂತಿದೆ. ಒಳಗೆ ಉಸಿರು ಎಳೆದುಕೊಂಡು ಒಳಗೇ ಬಿಡಬಹುದು, ಬೇಕಾದರೆ ಹಾಡಲೂಬಹುದು. ಕರಿಯಮ್ಮನಿಗೆ ಮೂಡಲ ಉಕ್ಕಿನ ಪ್ರತಾಪವೇ ಇದೆಲ್ಲ ಎಂಬುದರಲ್ಲಿ ಸಂಶಯವಿಲ್ಲ. ಈಗ ನಿಂಗರಾಜು ಬಿಯರು ಕಾಯಿಸುವ ದಿನ ಮನೆಯ ಬಿಂದಿಗೆಗಳೆಲ್ಲ ಅಟ್ಟ ಹತ್ತುತ್ತವೆ. ಬೇಸರವಾಗಿರುವುದು ಆ ಕೇರಿಯವರಿಗೆ. ಮುದ್ದೆ ಹೊತ್ತಿಗೆ ಬಂದು ನಿಂಗರಾಜುವಿನ ಮನೆ ಮುಂದೆ ನಿಲ್ಲುತ್ತಾರೆ. ಒಳಗೆ ಮಲ್ಲಾಜಮ್ಮ ತೊಳಸುವ ಸದ್ದು ಕೇಳುತ್ತದೆ. ಬಸ್ಸು ಬರುತ್ತದೆ, ಕಿಟಕಿ ನೋಡುತ್ತದೆ, ಏನೂ ಕಾಣದೆ ಬರ್ರೆಂದು ಹೋಗಿಬಿಡುತ್ತದೆ. "ಒಂದು ಅಡ್ಗೆಮನೆ ಸರಿಯಾಗಿ ಕಟ್ಕೊಂಡು ಊರ್ಗೇ ಅನ್ಯಾಯ ಮಾಡ್ಬುಟ್ಟ" ಎಂದು ನಿಂಗರಾಜುವನ್ನು ಬೈದುಕೊಳ್ಳುತ್ತ ಅವರೆಲ್ಲ ಸ್ಟಾಪಿನವರೆಗೆ ನಡೆಯುತ್ತಾರೆ.